ಅರಿಶಿಣದ ಸೀರೆ ಕೆಂಪಾದದ್ದು

ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಒಬ್ಬ ತಾಯಿ ಮತ್ತು ಕಾಲೇಜಿನ ಬ್ಯಾಗು ಹಾಕಿಕೊಂಡ ಅವಳ ಮಗಳು ಮುಡಬಿ ಬಸ್ಸಿಗೆ ಕಾಯುತ್ತಿದ್ದರು.

“ನಿಮ್ಮ ಅಕ್ಕ ಧನಶ್ರೀ ಫೋನ್‌ನಾಗ ಅಳಾಕತ್ತಾಳ, ವರ್ಷಾ. ಲಗ್ನದಾಗ ಅರಷಿಣ ಹಚ್ಚಿದಾಗ ಉಟ್ಟಿದ್ಲಲ್ಲ, ಆ ಸೀರಿ ಒಗದ್ರ ಅರಷಿಣ ಎಲ್ಲಾ ರಕ್ತದಂಗ ಕೆಂಪಾತಂತ. ಸೊಸಿ ಕಾಲಗುಣ ಸರಿ ಇಲ್ಲ ಅಂತ ಬೀಗತಿ ಅಂದಳಂತ.”

“ಸಾಬಣ ಹಚ್ಚಿರಬೇಕು, ಅವ್ವಾ. ಬರೇ ನೀರಿನಾಗ ಹೈಡ್ರೋಜನ್, ಹೈಡ್ರಾಕ್ಸೈಡ್ ಅಂತ ಎರಡು ಅಯಾನು ಸಮ ಇರ್ತಾವ. ಸಾಬಣ ಕಲಸಿದ್ರ ಹೈಡ್ರಾಕ್ಸೈಡ್ ಹೆಚ್ಚಾಗಿ ನೀರು ಪ್ರತ್ಯಾಮ್ಲ ಆಗತದ. ಆಗ ಅರಷಿಣ ಕೆಂಪಾಗತದ.”

“ಬೀಗತಿ ಮುಂದ ಅಯಾನು ಅಂದ್ರ ಕೇಳ್ತಾಳೇನು?”

“ಹಂಗಾರ ಲಿಂಬಿ ಹಿಂಡು. ಅದರಾಗ ಹೈಡ್ರೋಜನ್ ಅಯಾನು ಹೆಚ್ಚು. ಸೀರಿ ಮತ್ತ ಹಳದಿ ಆಗತದ.”

“ಲಗ್ನದ ದಿನ ಬಾಗಲದಾಗ ಧನಶ್ರೀಗೆ ಆರತಿ ಎತ್ತಿದ್ದೂ ಕೆಂಪು ನೀರಲೇನ. ಅದನ್ನ ಕಲಸಿದಾಕಿ ಬೀಗತೀನ.”

“ಅರಷಿಣಕ್ಕ ಸುಣ್ಣ ಹಾಕಿ?”

“ಹೂಂ. ದೃಷ್ಟಿ ಹೋಗ್ಲಿ ಅಂತ.”

“ಸುಣ್ಣಾನೂ ಪ್ರತ್ಯಾಮ್ಲನ, ಅವ್ವಾ! ಎರಡೂ ಒಂದ ನಮೂನಿ ಕೆಂಪು.”

ಮುಡಬಿ ಬಸ್ಸು ಬಂದು ನಿಂತಿತು.

“ಲಿಂಬಿ ತಗೊಂಡು ಬರ್ಲೇನು?”

“ಈಗ ಬ್ಯಾಡ. ಮೊದಲ ಮುಡಬಿಗೆ ಹೋಗಿ ಬೀಗತಿ ಕೈಲೆ ಒಂದು ತಾಟು ಆರತಿ ನೀರು ಕಲಸಸ್ತೀನಿ. ಬಾಜೂಕ ಆ ಸೀರಿ ಇಡ್ತೀನಿ. ಯಾವ ಕೆಂಪು ಶುಭ, ಯಾವುದು ಅಶುಭ, ಅಕಿನ ಹೇಳ್ಲಿ,” ಎಂದು ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದಳು.