ಮೊದಲು ಯಾರ ಹತ್ತಿರ

ಸಾಲ್ಟ್ ಲೇಕಿನ ಆಸ್ಪತ್ರೆಯೊಂದರ ಬೆಂಚಿನಲ್ಲಿ, ತನ್ನ ಸರದಿ ಬರಲಿಲ್ಲವೆಂದು ಒಳಗೊಳಗೇ ಕುದಿಯುತ್ತಿದ್ದ ಚೇತನನಿಗೆ ಸುತ್ತಲಿನ ಬಂಗಾಳಿ ಮಾತಿನ ನಡುವೆ ಪಕ್ಕದಲ್ಲಿ ಕನ್ನಡ ಕೇಳಿಸಿತು. ಅಲ್ಲಿ ಅಕ್ಕ-ತಮ್ಮ ಇಬ್ಬರು ಕೂತಿದ್ದರು. ಅಕ್ಕ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ತಮ್ಮ ಫೋನು ನೋಡಿ ಪ್ರಶ್ನೆ ಕೇಳುತ್ತಿದ್ದ. ಅವರ ತಂದೆ ಒಳಗೆ ವಾರ್ಡಿನಲ್ಲಿದ್ದರು.

“ಒಬ್ಬ ಕಾಲು ಮುರ್ಕೊಂಡು ಬೊಬ್ಬೆ ಹೊಡೀತಿದಾನೆ. ಒಬ್ಬಳಿಗೆ ವಾಂತಿ. ಇನ್ನೊಬ್ಬ ಬೆಳಗ್ಗೆ ಚೆನ್ನಾಗಿ ಮಾತಾಡ್ತಿದ್ದೋನು ಈಗ ಮಂಕಾಗಿದಾನೆ. ಮೊದಲು ಯಾರ ಹತ್ತಿರ ಹೋಗ್ತೀಯ?”

“ಮಂಕಾದೋನ ಹತ್ತಿರ. ಬೊಬ್ಬೆ ಹೊಡೆಯೋನಿಗೆ ಉಸಿರಿದೆ ಕಣೋ.”

“ಕರೆಕ್ಟ್! ಸಿಸ್ಟರಮ್ಮ ಪಾಸು.”

“ಹಲ್ಲು ಕಿಸೀಬೇಡ, ಮುಂದಿಂದು ಓದು.”

“ತಡಿ. ಈಗ ಒಳಗೆ ಹೋಗಿದ್ಯಲ್ಲ, ಅಪ್ಪ ಏನಂದ್ರು?”

“ನಿದ್ದೆ ಮಾಡ್ತಿದ್ರು. ಎಬ್ಬಿಸಲಿಲ್ಲ.”

“ಅಪ್ಪ, ಹಗಲು ನಿದ್ದೆ? ಬೆಳಗ್ಗೆ ಗಂಜಿಗೆ ಉಪ್ಪಿಲ್ಲ ಅಂತ ವಾರ್ಡೇ ಹಾರಿಹೋಗೋ ಹಾಗೆ ಕೂಗಾಡಿದ್ರಲ್ಲಕ್ಕಾ!”

“ಕರೆದೆ ಕಣೋ. ‘ಹೂಂ’ ಅಂದ್ರು.”

“ಕಣ್ಣು ಬಿಟ್ರಾ?”

ಅಕ್ಕ ದಡಕ್ಕನೆ ಎದ್ದಳು.

“ದಿದಿ, ಪಾಸ್?” ಎಂದು ದರವಾನ ಬಾಗಿಲಿಗೆ ಕೈ ಅಡ್ಡ ಹಿಡಿದ. ಅವಳು ಆ ಕೈಯನ್ನು ತಳ್ಳಿ ಒಳಗೆ ಓಡಿದಳು, ಹಿಂದೆಯೇ ತಮ್ಮ. ಅವಳು ಬಿಚ್ಚಿಟ್ಟಿದ್ದ ಚಪ್ಪಲಿ ಚೇತನನ ಕಾಲ ಬಳಿಯೇ ಉಳಿಯಿತು.