ಎರಡು ಬಡಿದರೆ ಬಾ

ದೀಪ ಸ್ವಲ್ಪ ಸಣ್ಣದು ಮಾಡಿ. ದೆವ್ವ ಗಿವ್ವ ಎಲ್ಲ ಸುಳ್ಳು ಅನ್ನೋರು ಈಗಲೇ ಎದ್ದು ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ. ಇದು ಯಾರಿಂದಲೋ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು.

ಅವಳನ್ನು ಎಲ್ಲರೂ ಗೇರಕ್ಕ ಅಂತಲೇ ಕರೆಯೋದು. ಬೆಟ್ಟದ ನೆತ್ತಿಯ ವೈರ್‌ಲೆಸ್ ಟವರಿಗೆ ಡೀಸೆಲ್ಲು, ದಿನಸಿ ಸಾಗಿಸೋ ಜೀಪು ಅವಳದು. ನಾಲ್ಕೂ ಚಕ್ರ ಎಳೆಯೋ ಗಾಡಿ. ಬೇರೆ ಗಾಡಿ ಆ ದಾರಿಯಲ್ಲಿ ಅರ್ಧವೂ ಹತ್ತೋದಿಲ್ಲ. ದಾರಿ ಅಂತ ಬಾಯಲ್ಲಿ ಅನ್ನಬೇಕು ಅಷ್ಟೇ... ಮರಗಿಡ ಮುಗಿದ ಮೇಲೆ ಬರೀ ಸಡಿಲ ಕಲ್ಲು. ಒಂದು ಕಡೆ ಬಂಡೆ. ಇನ್ನೊಂದು ಕಡೆ ಏನೂ ಇಲ್ಲ.

ಅದರಲ್ಲೊಂದು ಮೂಲೆ ಇದೆ. ಅಲ್ಲಿ ಗಾಡಿ ತಿರುಗಿಸೋಕೆ ಜಾಗವೇ ಇಲ್ಲ. ಇಳಿಯುವಾಗ ಗಾಡಿಯ ಮೂತಿಯನ್ನು ಮೂಲೆಗೆ ತೂರಿಸಿ ನಿಲ್ಲಿಸಬೇಕು. ಆಮೇಲೆ ಕೆಳಗಿನ ಇಳಿಜಾರನ್ನು ರಿವರ್ಸಿನಲ್ಲೇ ಇಳಿಯಬೇಕು, ಅಗಲವಾದ ಜಾಗ ಸಿಗೋವರೆಗೂ. ಹಿಂದೇನಿದೆ ಅಂತ ಡ್ರೈವರಿಗೆ ಕಾಣೋದಿಲ್ಲ. ಅದಕ್ಕೆ ಒಬ್ಬರು ಇಳಿದು, ಬಂಡೆಯ ಕಡೆಯಿಂದ ಗಾಡಿಯ ಜೊತೆಗೇ ನಡೆಯುತ್ತಾ ಅದರ ತಗಡು ಬಡಿಯಬೇಕು. ಎರಡು ಬಡಿದರೆ ಬಾ. ಒಂದು ಬಡಿದರೆ ನಿಲ್ಲು. ಕೂಗಿ ಹೇಳಿದರೆ ಗಾಳಿ ಕೇಳಿಸಗೊಡೋದಿಲ್ಲ.

ಬಡಿಯೋ ಕೆಲಸ ಅವಳ ಗಂಡನದು. ಅವನ ಬೆರಳಲ್ಲಿ ದಪ್ಪ ಸ್ಟೀಲಿನ ಉಂಗುರ. ಟಣ್ ಟಣ್. "ನಿಮ್ಮ ಮಾತು ನಾನು ಯಾವತ್ತೂ ಕೇಳಿಲ್ಲ, ಆದ್ರೆ ನಿಮ್ಮ ಉಂಗುರದ ಮಾತು ಒಂದಿನಾನೂ ಮೀರಿಲ್ಲ ನೋಡಿ" ಅಂತ ಅವನನ್ನು ರೇಗಿಸುತ್ತಿದ್ದಳು.

ಟವರ್ ನೋಡಿಕೊಳ್ಳುತ್ತಿದ್ದವನು ಅವಳ ಒಬ್ಬನೇ ತಮ್ಮ. ಒಂದು ಸಂಜೆ ಮೇಲಿಂದ ವೈರ್‌ಲೆಸ್ಸಿನಲ್ಲಿ ಅವನ ದನಿ ಬಂತು. "ಅಕ್ಕಾ, ಹೊಟ್ಟೆ... ಬೇಗ ಬಾ." ಡಾಕ್ಟರನ್ನು ಕೇಳಿದರೆ, ಕರುಳು ಒಳಗೇ ಒಡೆದರೆ ಕಷ್ಟ, ಬೆಳಗಾಗುವಷ್ಟರಲ್ಲಿ ಆಪರೇಷನ್ ಆಗಲೇಬೇಕು ಅಂದರು. ಗಂಡ ಹೆಂಡತಿ ಬಿದ್ದಂಬೀಳ ಹೊರಟರು. ತಲುಪಿದಾಗ ತಮ್ಮ ಮುದುಡಿ ಬಿದ್ದಿದ್ದ. ಮುಖದಲ್ಲಿ ರಕ್ತವೇ ಇಲ್ಲ. ಆ ಸ್ಥಿತಿಯಲ್ಲೂ ಹೇಳಿದ, "ಭಾವಾ, ಗೋಡೇಲಿ ಉಣ್ಣೆ ಗ್ಲೌಸ್ ಇದೆ, ಹಾಕ್ಕೊಳ್ಳಿ... ಬೆರಳೆಲ್ಲಾ ನೀಲಿ ಆಗಿದೆ."

"ಹೊಟ್ಟೆ ಹಿಡ್ಕೊಂಡು ಬಿದ್ದಿದ್ರೂ ಭಾವನ ಉಪಚಾರ ಬಿಡಲ್ಲ ನೋಡು!" ಗಂಡ ನಗಿಸೋಕೆ ನೋಡಿದ. ಯಾರೂ ನಗಲಿಲ್ಲ. ಗ್ಲೌಸ್ ಹಾಕಿಕೊಂಡ.

ತಮ್ಮನ ಬಾಯಿಗೆ ಕಚ್ಚಿಕೊಳ್ಳಲು ಟವೆಲ್ ಕೊಟ್ಟು, ಎತ್ತಿ ತಂದು ಜೀಪಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ ಮಲಗಿಸಿದರು. ಅಷ್ಟರಲ್ಲಿ ಕತ್ತಲಾಗಿತ್ತು. ಮಂಜು ಇಳಿದಿತ್ತು. ಗಂಡ ಹಿಂಬಾಗಿಲು ಎಳೆದು ಹಾಕಿದ. ಧಡ್. "ಆಯ್ತಾ?" ಅಂದ.

ಒಳಗಿನಿಂದ "ಹೂಂ" ಅಂತ ಬಂತು.

ಗೇರಕ್ಕ ನಾಲ್ಕೂ ಚಕ್ರಕ್ಕೆ ಬಲ ಕೊಡೋ ಚಿಕ್ಕ ಲಿವರ್ ಎಳೆದಳು. ಕಟಕ್. ಜೀಪು ಗೊರ್‌ರ್ ಅಂತ ಹೆಜ್ಜೆ ಹೆಜ್ಜೆಯಾಗಿ ಇಳಿಯತೊಡಗಿತು. ಬೇಗ ಹೋದರೆ ಗಾಡಿ ಉಳಿಯೋದಿಲ್ಲ, ನಿಧಾನ ಮಾಡಿದರೆ ತಮ್ಮ ಉಳಿಯೋದಿಲ್ಲ. ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳೋಕೆ ಕೈಗೆ ಬಿಡುವಿರಲಿಲ್ಲ.

ಸ್ವಲ್ಪ ದೂರ ಬಂದಿರಬೇಕು. ತಮ್ಮ ಟವೆಲ್ ಉಗಿದ. ಪಿಸುಗುಟ್ಟಿದ.

"ಅಕ್ಕಾ... ಸ್ವಲ್ಪ ಸರಿದು ಕೂತ್ಕೊಳ್ಳೋಕೆ ಹೇಳು."

"ಯಾರಿಗೋ?"

"ಕಾಲ್ ಮೇಲೆ ಕೂತಿದ್ದಾರೆ..."

ಗಂಡ ತಿರುಗಿ ಟಾರ್ಚ್ ಬಿಟ್ಟ. ಮಡಿಸಿದ ಕಂಬಳಿ, ಖಾಲಿ ಡೀಸೆಲ್ ಕ್ಯಾನು. ಅಷ್ಟೇ. ಕ್ಯಾನನ್ನು ಪಕ್ಕಕ್ಕೆ ಸರಿಸಿದ. "ಜ್ವರ ನೆತ್ತಿಗೇರಿದೆ. ನೀನು ದಾರಿ ನೋಡು" ಅಂದ.

ಆ ಮೂಲೆ ಬಂತು.

ಗೇರಕ್ಕ ಮೂತಿ ತೂರಿಸಿ ನಿಲ್ಲಿಸಿದಳು. ಗಂಡ ಇಳಿದ. ಮಂಜು ಎಷ್ಟಿತ್ತು ಅಂದರೆ, ಬಾಗಿಲು ಹಾಕುವಷ್ಟರಲ್ಲಿ ಅವನೇ ಕಾಣಲಿಲ್ಲ. ಕನ್ನಡಿಯಲ್ಲಿ ಬರೀ ಬಿಳುಪು. ಅವಳು ಕಿಟಕಿ ಇಳಿಸಿ ಕಿವಿಗೊಟ್ಟಳು.

ದಬ್ ದಬ್.

ರಿವರ್ಸ್ ಹಾಕಿದಳು. ಟೈರಿನಡಿ ಕಲ್ಲು ಕರ್ ಕರ್ ಅಂದವು. ದಬ್ ದಬ್. ಇನ್ನಷ್ಟು ಬಂದಳು. ದಬ್. ನಿಲ್ಲಿಸಿದಳು. ಸ್ಟೇರಿಂಗ್ ಸರಿ ಮಾಡಿಕೊಂಡಳು. ದಬ್ ದಬ್. ಬಂದಳು.

ಆಮೇಲೆ ಬಡಿತ ನಿಂತಿತು.

ಅವಳು ಬ್ರೇಕ್ ಒತ್ತಿ ಕಾದಳು. ಹಿಂದೆ ಎಲ್ಲೋ ಜರ್‌ರ್ ಅಂತ ಜಲ್ಲಿ ಜಾರಿದ ಸದ್ದು. ಗಾಳಿ. ತಮ್ಮನ ಉಸಿರು, ಗರಗಸ ಎಳೆದ ಹಾಗೆ.

ಟಣ್ ಟಣ್.

ಸ್ಪಷ್ಟವಾಗಿ. ಅಷ್ಟು ವರ್ಷ ನಂಬಿದ ಸದ್ದು. ಅವಳ ಕಾಲು ತಾನೇ ಬ್ರೇಕ್ ಸಡಿಲಿಸಿತು. ಗಾಡಿ ಒಂದಿಷ್ಟು ಹಿಂದೆ ಸರಿಯಿತು...

ದಬ್.

ಒಂದೇ. ಮೆತ್ತಗೆ, ನೆಲದ ಹತ್ತಿರದಿಂದ. ಅವಳು ಗಕ್ಕನೆ ಬ್ರೇಕ್ ತುಳಿದಳು.

ಟಣ್ ಟಣ್. ಬಾ ಬಾ. ಈ ಸಲ ಅವಸರದಲ್ಲಿ. ಟಣ್ ಟಣ್. ಟಣ್ ಟಣ್.

"ಅಕ್ಕಾ," ತಮ್ಮ ಹಿಂದಿನಿಂದ ಪಿಸುಗುಟ್ಟಿದ, "ಬಾ ಅಂತಿದ್ದಾರಲ್ಲ... ಯಾಕೆ ನಿಲ್ಸಿದೆ? ನೋವು ತಡೆಯಕ್ಕಾಗ್ತಿಲ್ಲ."

ಅವಳಿಗೂ ಹೊರಟುಬಿಡಬೇಕು ಅನ್ನಿಸಿತು. ಒಂದೊಂದು ನಿಮಿಷಕ್ಕೂ ತಮ್ಮನ ಜೀವ ಹೋಗುತ್ತಿದೆ. ಕ್ಲಚ್ ಅರ್ಧ ಬಿಟ್ಟಿದ್ದಳು. ಆಗ ಅವಳಿಗೆ ಹೊಳೆಯಿತು.

ಅವರು ಗ್ಲೌಸ್ ಹಾಕ್ಕೊಂಡಿದ್ದಾರೆ.

ಮೂತಿ ತೂರಿಸಿದಾಗಿನಿಂದ ಬಂದದ್ದೆಲ್ಲ ದಬ್ ದಬ್. ಉಣ್ಣೆಯೊಳಗಿನ ಉಂಗುರ ಟಣ್ ಅನ್ನೋದು ಹೇಗೆ? ಅದೂ ಅಲ್ಲದೆ, ಈ ಟಣ್ ಟಣ್ ಬರುತ್ತಿದ್ದದ್ದು ಎಡಗಡೆಯಿಂದ. ಬಂಡೆ ಇರೋದು ಬಲಕ್ಕೆ. ಎಡಕ್ಕೆ ಕಾಲಿಡೋಕೆ ನೆಲವೇ ಇಲ್ಲ.

ಹ್ಯಾಂಡ್‌ಬ್ರೇಕ್ ಎಳೆದಳು. ಗೇರಿನಲ್ಲೇ ಎಂಜಿನ್ ಆರಿಸಿದಳು. ಟಣ್ ಟಣ್ ನಡೆದೇ ಇತ್ತು. ಬಾಗಿಲು ತೆರೆದು, ಬಂಡೆ ತಡವುತ್ತಾ ಹಿಂದಕ್ಕೆ ಹೋದಳು. ಅವಳ ಕಾಲಿಗೆ ಏನೋ ತಾಗಿತು.

ಗಂಡ ಬಿದ್ದಿದ್ದ. ಕಲ್ಲು ಜಾರಿ, ಒಂದು ಕಾಲು ಬಂಡೆಗಳ ಸಂದಿಗೆ ಸಿಕ್ಕಿ, ಹಿಂದಿನ ಚಕ್ರದ ದಾರಿಗೇ ಅಡ್ಡಲಾಗಿ. ಚಕ್ರಕ್ಕೂ ಅವನ ಎದೆಗೂ ನಡುವೆ ಒಂದು ಗೇಣು ಜಾಗ. ಗ್ಲೌಸ್ ಹಾಕಿದ ಕೈ ಬಂಪರ್ ಮೇಲೆ ಇತ್ತು.

"ಉಸಿರು ಸಿಕ್ಕಿಕೊಂಡಿತ್ತು ಕಣೇ," ಅವನ ದನಿಯೇ ಬರುತ್ತಿರಲಿಲ್ಲ, "ಒಂದೇ ಸಲ ಬಡಿಯಕ್ಕಾಗಿದ್ದು."

ಸಿಕ್ಕ ಕಾಲು ಬಿಡಿಸಿ, ಅವನನ್ನು ಎಳೆದು ನಿಲ್ಲಿಸಿ ತಬ್ಬಿಕೊಂಡಳು. ಅಷ್ಟು ಹೊತ್ತಿಗೆ ಟಣ್ ಟಣ್ ನಿಂತಿತ್ತು.

ಅಲ್ಲಿಂದ ಮುಂದೆ ಬಡಿಯೋದು ಬೇಡ ಅಂದಳು. ಗಂಡ ಕುಂಟುತ್ತಾ, ಅವಳ ಕಿಟಕಿಯನ್ನು ಹಿಡಿದುಕೊಂಡು, ಬಗ್ಗಿ ಬಗ್ಗಿ ಹಿಂದೆ ನೋಡುತ್ತಾ, ಬಾ, ನಿಲ್ಲು ಅಂತ ಕಿವಿಯಲ್ಲೇ ಹೇಳಿ ಅಗಲದ ಜಾಗಕ್ಕೆ ಇಳಿಸಿದ. ಗಾಡಿ ತಿರುಗಿಸಿ ಹತ್ತಿ ಕೂತ ಮೇಲೆ ಮೆಲ್ಲಗೆ ಕೇಳಿದ.

"ಮೇಲೆ... ಆಯ್ತಾ ಅಂದಾಗ, ಅಷ್ಟು ಸ್ಪಷ್ಟವಾಗಿ ಹೂಂ ಅಂದೋರು ಯಾರು? ಅವನ ಬಾಯಲ್ಲಿ ಟವೆಲ್ ಇತ್ತಲ್ಲ."

"ಸುಮ್ನಿರಿ" ಅಂದಳು. "ಹಿಂದೆ ನೋಡ್ಬೇಡಿ."

ಇಬ್ಬರೂ ನೋಡಲಿಲ್ಲ. ಮರಗಳು ಶುರುವಾದ ಕಡೆ ಹಿಂಬಾಗಿಲು ತಾನೇ ತೆರೆದುಕೊಂಡು ಧಡ್ ಅಂತ ಹಾಕಿಕೊಂಡಿತು. ಆಮೇಲೆ ತಮ್ಮ, "ಉಸ್ಸಪ್ಪಾ, ಕಾಲು ಹಗುರಾಯ್ತು" ಅಂದ.

ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು. ತಮ್ಮ ಬದುಕಿದ. ಈಗ ಕೆಳಗೇ ಅಂಗಡಿ ಇಟ್ಟುಕೊಂಡಿದ್ದಾನೆ, ನಿಮ್ಮನ್ನೂ ನನ್ನನ್ನೂ ಮಾತಲ್ಲಿ ಮಾರಿಬಿಡುತ್ತಾನೆ.

ಒಂದು ವಾರದ ಮೇಲೆ ಗೇರಕ್ಕ ಜೀಪನ್ನು ಗ್ಯಾರೇಜಿಗೆ ಬಿಟ್ಟಳು. ಹಿಂದಿನ ಎಡಗಡೆಯ ತಗಡಿನ ಮೇಲೆ ಸಣ್ಣ ಸಣ್ಣ ಗುರುತುಗಳಿದ್ದವು. ಟಿಂಕರಿಂಗ್ ಮಾಡುವವನು ಅವುಗಳ ಮೇಲೆ ಕೈಯಾಡಿಸಿ, ಸುತ್ತಿಗೆ ಕೆಳಗಿಟ್ಟ.

"ಏನಕ್ಕಾ ಇದು? ಹೊರಗಿಂದ ಬಡಿದ್ರೆ ಒಳಕ್ಕೆ ಹೋಗ್ಬೇಕು. ಇದು ಹೊರಕ್ಕೆ ಉಬ್ಬಿದೆ. ಒಳಗೆ ಯಾರ್ನ ಕೂರಿಸ್ಕೊಂಡಿದ್ರಿ?"

ಅವಳು ಅವನ್ನು ತಟ್ಟಿಸಲಿಲ್ಲ. ಜೀಪು ಈಗಲೂ ಅವಳ ಮನೆ ಮುಂದೆ ನಿಂತಿದೆ. ನಂಬದಿದ್ದರೆ ಬೆಳಗಾಗಲಿ, ಹೋಗಿ ನೋಡಿಕೊಂಡು ಬನ್ನಿ. ನಾನಂತೂ ಹಿಂಬಾಗಿಲು ತೆಗೆದು, ಒಳಗೆ ಕೂತು, ಆ ಗುಳಿಗಳಿಗೆ ಒಂದೊಂದಾಗಿ ಬೆರಳಿಟ್ಟು ನೋಡಿದ್ದೀನಿ. ಎಲ್ಲವೂ ಎರಡೆರಡು, ಎರಡೆರಡು. ಒಂಟಿಯಾಗಿ ಇರೋದು ಒಂದೂ ಇಲ್ಲ.