ಹರಟೆಯಣ್ಣನ ಮನೆಯಾಕೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಬಾಗಿಲ ಪಕ್ಕದಲ್ಲೇ ಜಾಗ ಹಿಡಿದು ಕೂತಿರುವ ಜಾಣ ಸಭಿಕರೇ,

ಇವತ್ತು ಸನ್ಮಾನ ಸ್ವೀಕರಿಸುತ್ತಿರುವ ನಮ್ಮ ಹರಟೆಯಣ್ಣ ಇಪ್ಪತ್ತು ವರ್ಷ ವಾರಪತ್ರಿಕೆಯ ಅಂಕಣದಲ್ಲಿ ನಮ್ಮನ್ನು ನಗಿಸಿದವರು. ಆ ಅಂಕಣದಲ್ಲಿ ಏನಿರುತ್ತಿತ್ತು? ಅವರು, ಅವರ ಹೆಂಡತಿ, ಇಬ್ಬರ ನಡುವೆ ಒಂದು ಜಗಳ. ಗೆಲ್ಲುತ್ತಿದ್ದವರು ಯಾರೆಂದು ಮದುವೆಯಾದವರಿಗೆ ನಾನು ಹೇಳಬೇಕಿಲ್ಲ.

ಭೂಕಂಪದಲ್ಲಿ ಅವರ ಮನೆ ಕುಸಿಯಿತು. ಅಣ್ಣನನ್ನು ಹೊರಗೆಳೆದಾಗ ಎರಡೂ ಕಾಲು ಮುರಿದಿದ್ದವು. ಅವರ ಹೆಂಡತಿಯನ್ನು, ನಾವೆಲ್ಲ ಅಕ್ಕ ಎನ್ನುತ್ತಿದ್ದವರನ್ನು, ಮಾರನೇ ದಿನ ತೆಗೆದರು. ಜೀವ ಇರಲಿಲ್ಲ.

ಬೇರೆ ಬೇರೆ ಊರುಗಳಲ್ಲಿದ್ದ ನಾವು ಮೂವರು ಗೆಳೆಯರು, ಒಬ್ಬ ಕವಿ, ಒಬ್ಬ ವಿಮರ್ಶಕ, ಮತ್ತು ಕಾದಂಬರಿ ಬರೆಯುವ ನಾನು, ಪತ್ರ ಬರೆದುಕೊಂಡೆವು. ಏನು ಮಾಡೋಣ? ಕವಿ ಬರೆದ: “ಕಂಬಳಿ ಯಾರಾದರೂ ಕೊಡ್ತಾರೆ. ಅಂಕಣ ನಿಂತರೆ ಆ ಜಾಗ ಬೇರೆಯವರ ಪಾಲಾಗುತ್ತೆ. ಅವರು ಎದ್ದು ಬರೋವರೆಗೆ ನಾವೇ ಬರೆಯೋಣ, ಅವರ ಹೆಸರಲ್ಲೇ.” ಸಂಪಾದಕರೂ ಒಪ್ಪಿದರು. ಆದರೆ ವಿಮರ್ಶಕ ಕೇಳಿದ: “ಅಂಕಣದಲ್ಲಿ ಅಕ್ಕ ಇರಬೇಕೋ, ಬೇಡವೋ?”

ಆ ಒಂದು ಪ್ರಶ್ನೆಗೆ ಎಷ್ಟು ಪತ್ರಗಳು ಓಡಾಡಿದವು! ಕೊನೆಗೆ ಇರಲಿ ಎಂದು ಹಟ ಹಿಡಿದವಳು ನಾನೇ. ನನ್ನ ಯಜಮಾನರು ತೀರಿಕೊಂಡಾಗ ಮನೆ ತುಂಬ ಜನ. ಹವಾಮಾನದ ಬಗ್ಗೆ ಮಾತಾಡಿದರು, ರಸ್ತೆಯ ಬಗ್ಗೆ ಮಾತಾಡಿದರು. ಒಬ್ಬರೂ ಅವರ ಹೆಸರೆತ್ತಲಿಲ್ಲ. ಯಾರಾದರೂ ಎತ್ತಲಿ ಎಂದು ನಾನು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಇರಲಿ, ಅದು ಇಲ್ಲಿಗೆ ಬೇಡದ ಮಾತು.

ಮೊದಲ ಅಂಕಣ ನಾನೇ ಬರೆದೆ. ಅಣ್ಣ ಕೊಡೆ ಕಳೆದುಕೊಂಡು ಬರುತ್ತಾರೆ, ಅಕ್ಕ ತರಾಟೆಗೆ ತೆಗೆದುಕೊಳ್ಳುತ್ತಾರೆ. ಅದು ಅಚ್ಚಾದ ಮೇಲೆ ಆಸ್ಪತ್ರೆಗೆ ಹೋದೆ. ಕಾಲುಗಳಿಗೆ ಪ್ಲಾಸ್ಟರ್, ಎದೆಯ ಮೇಲೆ ಆ ಪತ್ರಿಕೆ.

“ಇದನ್ನ ಬರೆದದ್ದು ಯಾರು?”

“ನಾನೇ ಅಣ್ಣ.”

“ಅವಳು ಯಾವತ್ತೂ ಹೀಗೆ ಬೈದವಳಲ್ಲ.”

“ನಿಮ್ಮ ಅಂಕಣದಲ್ಲಿ ಬೈತಿದ್ರಲ್ಲ?”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. “ಅದೆಲ್ಲ ನಾನು ಕಟ್ಟಿದ್ದಮ್ಮ. ಕೊಡೆ ಕಳೆದರೆ ಅವಳು ಟವೆಲ್ ತಂದುಕೊಡ್ತಿದ್ಳು. ಇಪ್ಪತ್ತು ವರ್ಷ ಅವಳ ಬಾಯಿಗೆ ನನ್ನ ಮಾತು ತುರುಕಿದೆ. ಬೀದಿಯಲ್ಲಿ ಜನ ‘ಏನಮ್ಮ, ಇವತ್ತು ಲಟ್ಟಣಿಗೆ ತಂದಿಲ್ವಾ?’ ಅಂತ ನಗೋರು. ಮನೆಗೆ ಬಂದು ‘ಹೋಗಲಿ ಬಿಡಿ’ ಅನ್ನೋಳು. ಅವಳು ಹೇಗಿದ್ದಳು ಅಂತ ಈಗ ಯಾರಿಗೆ ಗೊತ್ತು?”

ಅವರು ಕೈ ಚಾಚಿದರು. “ಪೆನ್ನು ಕೊಡು.”

ಮಲಗಿದಲ್ಲೇ ಅರ್ಧ ಪುಟ ಬರೆದರು. ಅದರಲ್ಲಿ ಜಗಳವಿರಲಿಲ್ಲ, ನಗೆ ಇರಲಿಲ್ಲ. ಹೆಚ್ಚು ಮಾತಾಡದ, ಮುಂಜಾನೆ ಕಿಟಕಿ ತೆರೆದು ನಿಲ್ಲುತ್ತಿದ್ದ ಒಬ್ಬ ಹೆಂಗಸು ಇದ್ದಳು. ಕೊನೆಯ ಸಾಲಿನಲ್ಲಿ ಅವಳು ತೀರಿಕೊಂಡ ಸುದ್ದಿ ಇತ್ತು. ಮುಂದಿನ ವಾರ ಅಂಕಣದಲ್ಲಿ ಅದೇ ಅಚ್ಚಾಯಿತು. ಆಮೇಲೆ ಅವರು ಬರೆಯಲೇ ಇಲ್ಲ. “ನಾವು ಜಾಗ ಉಳಿಸಿದ್ದು ಇದಕ್ಕಾ?” ಎಂದು ಕವಿ ಕೇಳಿ ಬರೆದ.

ಮತ್ತೆ ಬರೆಯಿರಿ ಎಂದು ಎಲ್ಲರ ಪರವಾಗಿ ಹರಟೆಯಣ್ಣನನ್ನು ಕೇಳಿಕೊಳ್ಳಬೇಕೆಂದು ಕಾರ್ಯದರ್ಶಿಗಳು ಈಗ ತಾನೇ ನನ್ನ ಕಿವಿಯಲ್ಲಿ ಹೇಳಿದರು. ಕ್ಷಮಿಸಿ, ಕೇಳುವುದಿಲ್ಲ. ಕೇಳಿದರೆ, ಪಾಪ, ಸಭೆಯ ಮರ್ಯಾದೆಗಾಗಿ ಅವರು ನಕ್ಕುಬಿಡುತ್ತಾರೆ. ನಮ್ಮನ್ನು ಅವರು ನಗಿಸಿದ್ದು ಸಾಕು.

ಇಷ್ಟು ಹೊತ್ತು ಕೆಮ್ಮದೆ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.